ಇಬ್ಬರು ಮೇಸ್ತ್ರಿಗಳು, ಒಂದು ಕೆಲಸ

ಗಾಜಿನ ಕೆಲಸದಲ್ಲಿ ರಕ್ತ ಹೊಸದೇನಲ್ಲ. ದೋಹಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಾನು ಮ್ಯಾನೇಜರ್ ಆಗಿದ್ದ ವರ್ಕ್‌ಶಾಪಿನಲ್ಲಿ ಯಾರಾದರೊಬ್ಬರ ಬೆರಳಿಗೆ ಬಟ್ಟೆ ಸುತ್ತದ ವಾರವೇ ಇರುತ್ತಿರಲಿಲ್ಲ. ಅಲ್ಯುಮಿನಿಯಂ ಚೌಕಟ್ಟು ಮಾಡಿ, ಗಾಜು ಕೂರಿಸಿ, ಕಿಟಕಿ ಬಾಗಿಲು ಕೊಡುವುದು ನಮ್ಮ ಕೆಲಸ. ಕೈ ಜಾರಿ ಬಿದ್ದ ರಕ್ತವನ್ನು ನೀರು ಹಾಕಿ ತೊಳೆದು ಮುಂದೆ ಹೋಗುತ್ತಿದ್ದೆವು. ಆದರೆ ಆ ಬೇಸಿಗೆಯ ರಕ್ತವನ್ನು ನಮ್ಮ ಧಣಿ ಬೇಕೆಂದೇ ಸುರಿಸಿದರು. ಇದನ್ನು ಬರೆಯುವಾಗ ಈಗಲೂ ನನ್ನ ಹಲ್ಲು ಕಟಕಟ ಅನ್ನುತ್ತದೆ.

ಧಣಿ ನಮ್ಮ ಕರಾವಳಿಯವರೇ, ತುಳು ಮನೆಮಾತಿನವರು. ಹೆಲ್ಪರ್ ಆಗಿ ಬಂದು, ಬೇರೆಯವರ ಗಾಜು ಹೊತ್ತು ಹೊತ್ತು ಕೊನೆಗೆ ತಮ್ಮದೇ ಶೆಡ್ ಹಾಕಿದವರು. ಎಲ್ಲರಿಗೂ ಅವರು ಅಣ್ಣ. ನಾನು ಉಡುಪಿ ಕಡೆಯ ಕ್ರಿಶ್ಚಿಯನ್ ಹೆಂಗಸಾದ್ದರಿಂದ ಊರಿನ ರೂಢಿಯಂತೆ ನನ್ನನ್ನು ಬಾಯಮ್ಮ ಎನ್ನುತ್ತಿದ್ದರು. ಕೆಟ್ಟ ಮನುಷ್ಯ ಎಂದು ಹೇಳಿದರೆ ನನ್ನ ನಾಲಿಗೆಗೆ ಹುಳ ಬೀಳಲಿ. ನನ್ನ ಅಮ್ಮ ತೀರಿದಾಗ ಟಿಕೆಟ್ ಮಾಡಿಸಿ ವಿಮಾನ ನಿಲ್ದಾಣದವರೆಗೆ ತಾವೇ ಕಾರು ಓಡಿಸಿಕೊಂಡು ಬಂದವರು. ಫುಟ್‌ಬಾಲ್ ವಿಶ್ವಕಪ್ಪಿಗೆಂದು ಸ್ಟೇಡಿಯಂ, ಹೋಟೆಲು ಎಂದು ಇಡೀ ದೇಶ ಕಟ್ಟುತ್ತಿದ್ದ ಕಾಲದಲ್ಲಿ ನಮಗೆ ಊಟಕ್ಕೆ ಪುರುಸೊತ್ತಿರಲಿಲ್ಲ. ಆಟ ಮುಗಿಯಿತು, ನೆಂಟರು ಹೋದರು, ಚಪ್ಪರ ಬಿಚ್ಚಿದರು. ಕೆಲಸವೂ ಬತ್ತಿ ಹೋಯಿತು. ಒಂದೊಂದು ವಿಲ್ಲಾದ ಕಿಟಕಿಗಾಗಿ ಹತ್ತು ವರ್ಕ್‌ಶಾಪಿನವರು ಬಾಗಿಲಲ್ಲಿ ನಿಲ್ಲುವ ಹಾಗಾಯಿತು.

ನಮ್ಮಲ್ಲಿ ಇಬ್ಬರು ಮೇಸ್ತ್ರಿಗಳಿದ್ದರು. ಒಬ್ಬ ಕುಂದಾಪುರದವನು, ಎಮ್ಮೆಯಂಥ ಕತ್ತು, ಬಾಯಿ ಬಿಟ್ಟರೆ ತಮಾಷೆ. ಇನ್ನೊಬ್ಬ ನೇಪಾಳದವನು, ತೆಳ್ಳಗೆ, ಮಾತು ಕಮ್ಮಿ. ಇಬ್ಬರೂ ಮೊದಲು ಜೋಡಿಯಾಗಿ ಗಾಜು ಹೊರುತ್ತಿದ್ದವರು. ದೊಡ್ಡ ಗಾಜನ್ನು ಇಬ್ಬರು ಎತ್ತಿ ನಡೆಯುವಾಗ ಮುಂದಿನವನು ಹಿಂದು ಹಿಂದಕ್ಕೆ ಹೆಜ್ಜೆ ಇಡಬೇಕು. ಅವನಿಗೆ ದಾರಿ ಕಾಣುವುದಿಲ್ಲ. ಎದುರಿನವನು ಹೇಳಿದಂತೆ ಕಾಲು ಇಡುತ್ತಾನೆ. ಕುಂದಾಪುರದವನು ಅರ್ಧ ಕನ್ನಡ ಅರ್ಧ ಹಿಂದಿಯಲ್ಲಿ ಕೂಗುತ್ತಿದ್ದ, ನೇಪಾಳದವನು ಹಿಂದೆ ತಿರುಗಿಯೂ ನೋಡದೆ ನಡೆಯುತ್ತಿದ್ದ. ಕ್ಯಾಂಪಿನಲ್ಲೂ ಒಂದೇ ಕೋಣೆ, ಒಂದೇ ಒಲೆ.

ಊರಿಗೆ ರಜೆ ಹೋಗಿದ್ದ ಅಣ್ಣ ವಾಪಸ್ ಬಂದ ಮರುದಿನ ಊಟದ ಹೊತ್ತಿಗೆ ಎಲ್ಲರನ್ನೂ ಶೆಡ್ಡಿನ ನಡುವೆ ನಿಲ್ಲಿಸಿದರು. ಅವರ ಮುಖದಲ್ಲಿ ಹೊಸ ಕಳೆ ಇತ್ತು. ಊರಿನಲ್ಲಿ ಕೋಳಿ ಅಂಕ ನೋಡಿಕೊಂಡು ಬಂದಿದ್ದರಂತೆ.

"ಕೋಳಿಗೆ ಯಾರಾದ್ರೂ ಸಂಬಳ ಕೊಡ್ತಾರಾ? ಇಲ್ಲ. ಎದುರು ಇನ್ನೊಂದು ಕೋಳಿ ಇಟ್ರೆ ಸಾಕು, ಜೀವ ಬಿಟ್ಟು ಹೋರಾಡ್ತದೆ," ಎಂದರು. "ಮಾರ್ಕೆಟ್ ಬಿದ್ದಿದೆ. ನನಗೆ ಒಬ್ಬ ಮೇಸ್ತ್ರಿ ಸಾಕು. ಬೇಸಿಗೆ ಮುಗಿಯುವವರೆಗೆ ಇಬ್ಬರೂ ಬೇರೆ ಬೇರೆ ಗ್ಯಾಂಗ್ ಇಟ್ಟು ಮಾಡಿ. ಯಾರು ಜಾಸ್ತಿ ಕೆಲಸ ತೆಗೀತಾರೋ ಅವ ಉಳೀತಾನೆ. ಇನ್ನೊಬ್ಬ ಖಲಾಸ್."

ಜನ ಚದುರಿದ ಮೇಲೆ ನಾನು ಅವರ ಹಿಂದೆಯೇ ಆಫೀಸಿಗೆ ನುಗ್ಗಿದೆ. ನನಗೆ ಮೂಗಿನ ತುದಿಯಲ್ಲೇ ಕೋಪ.

"ಅಣ್ಣ, ಗೆದ್ದ ಕೋಳಿಯೂ ಒಂದು ದಿನ ಸಾರಿಗೇ ಹೋಗುದು. ಇದೆಂತ ವ್ಯವಹಾರ?"

"ಬಾಯಮ್ಮ, ನಿಮಗೆ ಗೊತ್ತಾಗುದಿಲ್ಲ. ಒಳ್ಳೆ ಕಾಲದಲ್ಲಿ ಪ್ರೀತಿ ಮಾಡಿಯಾಯ್ತು. ಕಷ್ಟಕಾಲದಲ್ಲಿ ಲೀಡರ್ ಅಂದ್ರೆ ಹೀಗೇ ಇರ್ಬೇಕು."

"ಕೆಲಸ ಕಮ್ಮಿ ಉಂಟು ಅಂತ ನೀವೇ ಒಬ್ಬನನ್ನು ಕರೆದು ಹೇಳಿ. ಅವ ಅಳ್ತಾನೆ, ಬೈತಾನೆ, ಹೋಗ್ತಾನೆ."

"ನಾನು ಯಾಕೆ ಕೆಟ್ಟವ ಆಗ್ಬೇಕು? ಅವರೇ ತೀರ್ಮಾನ ಮಾಡ್ಕೊಳ್ಳಲಿ."

ಎಲ್ಲ ಧೈರ್ಯದ ಮಾತುಗಳ ಅಡಿಯಲ್ಲಿ ಇದ್ದದ್ದು ಇಷ್ಟೇ. ಇಬ್ಬರಲ್ಲಿ ಒಬ್ಬನ ಮುಖ ನೋಡಿ 'ನೀನು ಬೇಡ' ಎನ್ನುವ ಶಕ್ತಿ ಅವರಿಗಿರಲಿಲ್ಲ.

ಭಯ ಹುಟ್ಟಿಸಿದರೆ ಕೆಲಸ ಆಗುವುದಿಲ್ಲ ಎನ್ನುವವರು ಸುಳ್ಳು ಹೇಳುತ್ತಾರೆ. ಆಗುತ್ತದೆ, ಮೊದಮೊದಲು ಚೆನ್ನಾಗಿಯೇ ಆಗುತ್ತದೆ. ಕರಕ್ ಚಹಾಕ್ಕೆಂದು ಹೊರಗೆ ಹೋಗಿ ಅರ್ಧ ಗಂಟೆ ಕೂರುತ್ತಿದ್ದವರು ನಿಂತುಕೊಂಡೇ ಕುಡಿದು ಬರತೊಡಗಿದರು. ಕಟಿಂಗ್ ಮೆಷಿನ್ನು ಬೆಳಗಿನಿಂದ ಒಂದೇ ಸಮನೆ ಕಿರುಚುತ್ತಿತ್ತು. ಅಣ್ಣ ಆಫೀಸಿನ ಕಿಟಕಿಯಲ್ಲಿ ನಿಂತು ಕೈ ಉಜ್ಜಿಕೊಳ್ಳುತ್ತಿದ್ದರು. "ನೋಡಿದ್ರಾ?" ಎಂದು ನನ್ನನ್ನು ಕೆಣಕುತ್ತಿದ್ದರು.

ನಾನು ನೋಡುತ್ತಿದ್ದದ್ದು ಬೇರೆ. ಶೆಡ್ಡಿನ ನಡುವೆ ಯಾರೋ ಬಣ್ಣದ ಗೆರೆ ಎಳೆದಿದ್ದರು. ಆ ಕಡೆಯವರ ಡ್ರಿಲ್ಲು ಈ ಕಡೆಯವರು ಮುಟ್ಟಿದರೆ ಕೆನ್ನೆಗೆ ಬೀಳುತ್ತಿತ್ತು. ಗಾಜಿಗೆ ಅಂಟಿಸಿ ಎತ್ತುವ ರಬ್ಬರ್ ಕಪ್ಪುಗಳನ್ನು ಯಾರೋ ಬ್ಲೇಡಿನಿಂದ ಸೀಳಿ ಹಾಕಿದ್ದರು. ನೇಪಾಳದವನು ಹಾಸಿಗೆ ಸುತ್ತಿಕೊಂಡು ಬೇರೆ ಕೋಣೆಗೆ ಹೋದ. ನಾನು ಕುಂದಾಪುರದವನನ್ನು ಕರೆದು ಬೈದೆ. ಅವನು ತಮಾಷೆ ಮಾಡಲಿಲ್ಲ.

"ಅಕ್ಕ, ನಂಗೆ ಊರಗೆ ಎಂತ ಇತ್ತ್? ಹೋಯಿ ಎಂತ ಮಾಡೂದ್?" ಎಂದ.

ನೇಪಾಳದವನನ್ನು ಕರೆದೆ. ಅವನದ್ದು ಗಲ್ಫಿನ ಹರುಕು ಹಿಂದಿ.

"ಮೈ ನಹೀ ಜಾಯೇಗಾ, ದೀದಿ," ಊರಿಗೆ ಹೋಗುವುದಿಲ್ಲ ಎಂದವನು ಗೆರೆಯ ಆಚೆ ತನ್ನ ಗ್ಯಾಂಗಿನ ಕಡೆ ನಡೆದ.

ಇಬ್ಬರಲ್ಲಿ ಯಾರ ಮಾತೂ ತಪ್ಪಾಗಿರಲಿಲ್ಲ. ನನಗೆ ಇಬ್ಬರೂ ಬೇಕಿತ್ತು. ಅಷ್ಟೇ ಅಲ್ಲ, ಇಬ್ಬರೂ ಕೈಕಾಲು ನೆಟ್ಟಗಿರುವಂತೆ ಉಳಿಯಬೇಕಿತ್ತು. ಇಲ್ಲಿ ಹೊಡೆದಾಟ ಪೊಲೀಸರವರೆಗೆ ಹೋದರೆ ಜೈಲು, ಆಮೇಲೆ ಊರಿಗೆ ನೇರ ವಿಮಾನ. ಗೆದ್ದವನಿಗೂ ಕೆಲಸವಿಲ್ಲ, ಸೋತವನಿಗೂ ಇಲ್ಲ. ಇದನ್ನು ಅಣ್ಣನಿಗೆ ಹೇಳಿದೆ. "ಅಷ್ಟು ದೂರ ಹೋಗುದಿಲ್ಲ" ಎಂದರು.

ಮೊದಲು ಬಲಿಯಾದವನು ನೇಪಾಳದವನ ಗ್ಯಾಂಗಿನ ಒಬ್ಬ ಹೆಲ್ಪರ್. ಹಿಂದು ಹಿಂದಕ್ಕೆ ನಡೆಯುತ್ತ ಗಾಜು ಹೊತ್ತು ಬರುತ್ತಿದ್ದವನ ದಾರಿಯಲ್ಲಿ ಮರದ ಹಲಗೆಯೊಂದು ಅಡ್ಡ ಬಿದ್ದಿತ್ತು. ಅದನ್ನು ಅಲ್ಲಿಟ್ಟವರು ಗೆರೆಯ ಆಚೆಯವರು ಎಂದು ಎಲ್ಲರಿಗೂ ಗೊತ್ತು. ಹಿಮ್ಮಡಿ ತಾಗಿತು, ಅವನು ಅಂಗಾತ ಬಿದ್ದ, ಗಾಜು ಅವನ ಮೊಣಕೈಯಿಂದ ಮಣಿಕಟ್ಟಿನವರೆಗೆ ಬಾಳೆದಿಂಡು ಸೀಳಿದ ಹಾಗೆ ಸೀಳಿಕೊಂಡು ಹೋಯಿತು. ಒಳಗಿನ ಬಿಳಿ ಕಂಡಿತು, ಆಮೇಲೆ ಅದೂ ಕಾಣದಷ್ಟು ರಕ್ತ. ನಾನು ನನ್ನ ಶಾಲು ಬಿಗಿದು ಕಟ್ಟಿ, ಅವನ ಕೈಯನ್ನು ನನ್ನ ತಲೆಗಿಂತ ಮೇಲೆ ಹಿಡಿದು ಆಸ್ಪತ್ರೆಗೆ ಒಯ್ದೆ. ಅವನ ಕೈ ಉಳಿಯಿತು, ಹಿಡಿತ ಉಳಿಯಲಿಲ್ಲ. ಅಣ್ಣ ಫೋನಿನಲ್ಲಿ ಮೊದಲು ಕೇಳಿದ್ದು, "ಯಾವ ಗ್ಯಾಂಗಿನವ?"

ದೋಹಾದ ಪಕ್ಕದ ಅಲ್ ವಕ್ರಾದ ವಿಲ್ಲಾಗಳ ಆರ್ಡರು ಆ ಬೇಸಿಗೆಯ ಕೊನೆಯದು. ಅರ್ಧ ಈ ಗ್ಯಾಂಗಿಗೆ, ಅರ್ಧ ಆ ಗ್ಯಾಂಗಿಗೆ. ಇದರಲ್ಲಿ ಮೊದಲು ಮುಗಿಸಿದವನೇ ಮೇಸ್ತ್ರಿ ಎಂದು ಅಣ್ಣ ಸಾರಿಬಿಟ್ಟಿದ್ದರು. ಲಾರಿ ಬರುವ ದಿನ ಮಧ್ಯಾಹ್ನ ಎರಡೂ ಗ್ಯಾಂಗಿನ ಗಾಜು ಸ್ಟ್ಯಾಂಡುಗಳಲ್ಲಿ ನಿಂತಿತ್ತು. ಶೆಡ್ಡಿನ ತಗಡು ಕಾದು ಒಳಗೆ ಉಸಿರು ಸುಡುತ್ತಿತ್ತು. ನೇಪಾಳದವನು ತನ್ನ ಗಾಜಿನ ಮೇಲಿನ ಧೂಳು ಒರೆಸಿದ. ಅಡಿಯಲ್ಲಿ ಗೀರು ಕಂಡಿತು. ಮುಂದಿನದ್ದನ್ನು ಒರೆಸಿದ, ಅದರಲ್ಲೂ ಗೀರು. ಒಂದೊಂದರ ಮೇಲೂ ಯಾರೋ ಚೂಪಾದ ಉಕ್ಕಿನಿಂದ ಅಡ್ಡಕ್ಕೆ ಎಳೆದಿದ್ದರು.

ಅವನು ಅಲ್ಯುಮಿನಿಯಂ ಪಟ್ಟಿಯೊಂದನ್ನು ಎತ್ತಿಕೊಂಡು ಗೆರೆ ದಾಟಿದ. ಮೊದಲ ಏಟು ಕುಂದಾಪುರದವನ ಭುಜಕ್ಕೆ ಬಿತ್ತು, ಎರಡನೆಯದು ಕಿವಿಗೆ. ಕಿವಿ ಹರಿದು ನೇತಾಡಿತು. ಕುಂದಾಪುರದವನು ಕೋಣದ ಹಾಗೆ ತಲೆ ತಗ್ಗಿಸಿ ಬಂದು ಅವನ ಮುಖಕ್ಕೆ ಗುದ್ದಿದ. ಮೂಗು ಮುರಿದದ್ದು ನನಗೆ ಆಫೀಸಿನ ಮೆಟ್ಟಿಲವರೆಗೆ ಕೇಳಿಸಿತು. ಇಬ್ಬರೂ ನೆಲಕ್ಕೆ ಬಿದ್ದರು. ಮೇಲಿದ್ದ ಕುಂದಾಪುರದವನ ಎರಡೂ ಕೈ ಇನ್ನೊಬ್ಬನ ಗಂಟಲಿನ ಮೇಲೆ. ಕೆಳಗಿದ್ದ ನೇಪಾಳದವನ ಕೈ ನೆಲವನ್ನು ತಡಕಾಡಿ ಒಂದು ಗಾಜಿನ ಚೂರನ್ನು ಹಿಡಿದುಕೊಂಡಿತು. ಬಿಗಿಯಾಗಿ ಹಿಡಿದದ್ದಕ್ಕೆ ಅವನ ಅಂಗೈಯಿಂದಲೇ ರಕ್ತ ಜಿನುಗತೊಡಗಿತು.

ಹೆಲ್ಪರುಗಳು ಬಿಡಿಸಲು ಓಡಿದರು. ಅಣ್ಣ ಎರಡು ಕೈ ಅಗಲಿಸಿ ಅವರನ್ನು ತಡೆದರು.

"ಬಿಡಿ! ಯಾರೂ ನಡುವೆ ಹೋಗ್ಬೇಡಿ!"

ನಾನು ಅವರ ಮುಖ ನೋಡಿದೆ. ಕಣ್ಣು ಹೊಳೆಯುತ್ತಿತ್ತು, ತುಟಿ ತುಸು ತೆರೆದಿತ್ತು. ಯಾರು ಗೆಲ್ಲುತ್ತಾನೆ ಎಂದು ಅವರು ಕಾಯುತ್ತಿದ್ದರು. ನನ್ನ ಅಮ್ಮ ತೀರಿದಾಗ ತಾವೇ ಕಾರು ಓಡಿಸಿಕೊಂಡು ಬಂದ ಮನುಷ್ಯ!

ಕೆಲಸದ ಮೇಜಿನ ಮೇಲೆ ಕಬ್ಬಿಣದ ಸುತ್ತಿಗೆ ಇತ್ತು. ಅದನ್ನು ತೆಗೆದುಕೊಂಡು ಗಾಜಿನ ಸ್ಟ್ಯಾಂಡಿನ ಹತ್ತಿರ ಹೋದೆ. ಮೊದಲ ಏಟು ನಡುವೆ ಹೊಡೆದೆ. ಸುತ್ತಿಗೆ ಪುಟಿದು ನನ್ನ ಹಣೆಗೇ ಬರುವುದಿತ್ತು. ಇಷ್ಟು ವರ್ಷ ಗಾಜಿನ ನಡುವೆ ಬದುಕಿ ಮರೆತಿದ್ದೆ, ಬೇಯಿಸಿ ಗಟ್ಟಿ ಮಾಡಿದ ಗಾಜು ಹೊಟ್ಟೆಗೆ ಹೊಡೆದರೆ ಜಗ್ಗುವುದಿಲ್ಲ, ಮೂಲೆಗೆ ಹೊಡೆಯಬೇಕು. ಮೂಲೆಗೆ ಹೊಡೆದೆ. ಇಡೀ ಹಾಳೆ ಒಮ್ಮೆಗೇ ಕಲ್ಲುಸಕ್ಕರೆಯ ಹಾಗೆ ಪುಡಿಯಾಗಿ ಸುರಿಯಿತು. ಇನ್ನೊಂದು. ಮತ್ತೊಂದು. ಗೀರು ಬಿದ್ದದ್ದು ಮುಗಿದ ಮೇಲೆ ಗೆರೆ ದಾಟಿ ಕುಂದಾಪುರದವನ ಗಾಜಿಗೂ ಹೊಡೆದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಚೂರು ಸಿಡಿದು ನನ್ನ ತೋಳು, ಕೊರಳು, ಕೆನ್ನೆ ಎಲ್ಲ ಉರಿಯುತ್ತಿತ್ತು. ಎರಡೂ ಕಡೆ ಒಂದೇ ಒಂದು ಗಾಜೂ ಉಳಿಯದಂತೆ ನೋಡಿಕೊಂಡೆ. ನನಗೆ ಸುಖವಾಯಿತು, ಅದನ್ನು ಮುಚ್ಚಿಡುವುದಿಲ್ಲ.

ಸದ್ದು ನಿಂತಾಗ ನೆಲದ ಮೇಲಿದ್ದ ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಗೆಲ್ಲಲು ಈಗ ಏನೂ ಇರಲಿಲ್ಲ.

ಅಣ್ಣ ಬಂದವರೇ ನನ್ನ ಕೆನ್ನೆಗೆ ಹೊಡೆದರು. ಕನ್ನಡಕ ಹಾರಿಹೋಯಿತು. ಬಾಯಿಯೊಳಗೆ ಉಪ್ಪು ರುಚಿ. ಎರಡನೆಯ ಏಟಿಗೆ ಎತ್ತಿದ ಕೈ ಮೇಲೆಯೇ ನಿಂತಿತು. ನನಗೆ ಮಂಜಾಗಿ ಕಂಡದ್ದು ಮೂರು ತಲೆಗಳು. ಕುಂದಾಪುರದವನು ಅವರ ಮಣಿಕಟ್ಟು ಹಿಡಿದಿದ್ದ. ನೇಪಾಳದವನು ತನ್ನ ರಕ್ತದ ಕೈಯಿಂದ ಅವರ ತೋಳು ಹಿಡಿದಿದ್ದ.

"ಅಕ್ಕನ್ ಮುಟ್ಟೂಕಾಗ," ಎಂದ ಒಬ್ಬ. ಇನ್ನೊಬ್ಬ ಮೂಗಿನ ರಕ್ತ ನುಂಗುತ್ತ ಬೇಡ ಎಂದು ತಲೆ ಅಲ್ಲಾಡಿಸಿದ.

ಅಣ್ಣನ ಕೈ ಸಡಿಲವಾಯಿತು.

"ಹಾಗಾದ್ರೆ ನೀವೇ ಹೇಳಿ, ಯಾರನ್ನು ಇಟ್ಕೊಳ್ಳಲಿ? ಹೇಳಿ! ಕೆಲಸ ಒಬ್ಬನಿಗೆ ಮಾತ್ರ ಉಂಟು. ನನ್ನ ಹತ್ರ ದುಡ್ಡಿಲ್ಲ ಮಾರಾಯ್ರೆ, ಇಲ್ಲ, ಇಲ್ಲ!" ಎಂದು ಕಿರುಚಿದರು. ಬೇಸಿಗೆಯ ಶುರುವಿನಲ್ಲೇ ದುಡ್ಡಿಲ್ಲ ಎನ್ನುವ ಈ ಒಂದು ಮಾತನ್ನು ಹೇಳಿದ್ದರೆ ಒಬ್ಬನ ಕೈ, ಒಬ್ಬನ ಕಿವಿ, ಒಬ್ಬನ ಮೂಗು ಉಳಿಯುತ್ತಿತ್ತು.

"ನನ್ನನ್ನು ತೆಗೆಯಿರಿ," ಎಂದೆ. "ನನ್ನ ಸಂಬಳದಲ್ಲಿ ಇವರಿಬ್ಬರೂ ಉಳೀತಾರೆ."

ಇದನ್ನು ತ್ಯಾಗ ಎಂದು ಯಾರೂ ತಿಳಿಯಬೇಡಿ. ನನಗೆ ಗಂಡನ ಸಂಬಳವಿತ್ತು. ಅಲ್ ಮನ್ಸೂರಾದ ನಮ್ಮ ಫ್ಲ್ಯಾಟಿನ ಬಾಡಿಗೆ ಅವರ ಕಂಪನಿ ಕೊಡುತ್ತಿತ್ತು. ಹಿಂದೆ ಗೋಡೆ ಇದ್ದವಳಿಗೆ ಬೆನ್ನು ನೆಟ್ಟಗಿಟ್ಟು ನಿಲ್ಲುವುದು ಸುಲಭ. ಆ ಇಬ್ಬರಿಗೆ ಅಂಥ ಗೋಡೆ ಇರಲಿಲ್ಲ. ನಾನು ಹೇಳಿದ್ದು ಕೋಪದಲ್ಲಿ. ಅಣ್ಣ 'ಛೆ, ಅದೆಂತ ಮಾತು ಬಾಯಮ್ಮ' ಎನ್ನುತ್ತಾರೆ ಎಂಬ ಆಸೆ ಮನಸ್ಸಿನ ಮೂಲೆಯಲ್ಲಿ ಇತ್ತು. ಆ ಶೆಡ್ಡನ್ನು ಅವರ ಜತೆಗೇ ನಿಂತು ಕಟ್ಟಿದವಳು ನಾನು.

ಅವರು ನನ್ನ ಮುಖ ನೋಡಿದರು. ಆಮೇಲೆ ನೆಲದ ಮೇಲಿದ್ದ ಗಾಜಿನ ರಾಶಿಯನ್ನು ನೋಡಿದರು.

"ಸರಿ," ಎಂದರು.

ಅಷ್ಟೇ. ಇಬ್ಬರು ಮೇಸ್ತ್ರಿಗಳ ಕಡೆಗೆ ತಿರುಗಿ, "ವಕ್ರಾದ್ದು ಮತ್ತೆ ಮಾಡ್ಲಿಕ್ಕೆ ಎಷ್ಟು ದಿನ ಬೇಕು?" ಎಂದು ಕೇಳಿದರು. ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಕುಂದಾಪುರದವನು ಕಿವಿ ಒತ್ತಿ ಹಿಡಿದುಕೊಂಡು ಏನೋ ಹೇಳಿದ, ನೇಪಾಳದವನು ಅದನ್ನು ತಿದ್ದಿದ, ಮತ್ತೆ ಇವನು ಏನೋ ಕೇಳಿದ. ಅಳತೆಯ ಮಾತು, ಗಾಜಿನ ದಪ್ಪದ ಮಾತು. ಹೆಲ್ಪರುಗಳು ಪೊರಕೆ ತಂದರು.

ನಾನು ಶೆಡ್ಡಿನ ನಡುವೆ ನಿಂತೇ ಇದ್ದೆ. ಯಾರಾದರೂ ಏನಾದರೂ ಹೇಳುತ್ತಾರೆ ಎಂದು ಕಾಯುತ್ತಿದ್ದೆ. ನೇಪಾಳದವನು ನನ್ನ ಹತ್ತಿರ ಬಂದ. ಮೂಗು ಊದಿಕೊಂಡು ಮುಖದ ಗುರುತೇ ಸಿಗುತ್ತಿರಲಿಲ್ಲ. "ದೀದಿ," ಎಂದು ಮೆಲ್ಲಗೆ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಸುತ್ತಿಗೆಯನ್ನು ತೆಗೆದುಕೊಂಡ. ಕೆಲಸಕ್ಕೆ ಅದು ಬೇಕಾಗಿತ್ತು.