ಹೆಂಡತಿಯ ಪರವಾಗಿ ನಾನು ಕೊಟ್ಟ ಉತ್ತರ

ಸಮೀಕ್ಷೆಯ ಹುಡುಗಿ ನಮ್ಮ ಮನೆಗೆ ಬಂದದ್ದು ಅದು ನಾಲ್ಕನೆಯ ಸಲ. ಸರ್ಕಾರದ ಕೆಲಸ ಅದು. ನಮ್ಮ ದಾವಣಗೆರೆಯಂಥ ಪೇಟೆಯಲ್ಲಿ ಒಂದೇ ಮನೆಗೆ ಮೂರು ತಿಂಗಳಿಗೊಮ್ಮೆ ಬಂದು ಯಾರಿಗೆ ಉದ್ಯೋಗವಿದೆ, ಯಾರಿಗಿಲ್ಲ, ಯಾರು ಹುಡುಕುತ್ತಿದ್ದಾರೆ ಎಂದು ಕೇಳುತ್ತಾರೆ. ನಾನು ಮನೆಯಲ್ಲಿರುವ ಭಾನುವಾರವೇ ಬಾ ಎಂದು ಮೊದಲ ಸಲವೇ ಹೇಳಿಬಿಟ್ಟಿದ್ದೆ. ಬಾಗಿಲಿಗೆ ಬಂದವರ ಹತ್ತಿರ ಗಂಡಸೇ ಮಾತಾಡುವುದು ನಮ್ಮಲ್ಲಿ ರೂಢಿ. ಮೂರು ಸಲವೂ ಇಬ್ಬರ ಉತ್ತರವನ್ನೂ ನಾನೇ ಕೊಟ್ಟಿದ್ದೆ.

ನನ್ನ ಬಗ್ಗೆ ಹೇಳುವುದಕ್ಕೆ ನನಗೆ ಖುಷಿಯೇ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು, ಊರಂಚಿನ ಕರೂರಿನ ಕೈಗಾರಿಕಾ ಪ್ರದೇಶದಲ್ಲಿ ಕಬ್ಬಿಣ ಕಡೆಯುವ ಲೇತ್ ಯಂತ್ರದ ಮುಂದೆ ನಿಂತೇ ಬೆಳೆದವನು. ಈಗ ಬಾಡಿಗೆ ಶೆಡ್ಡಿನಲ್ಲಿ ಎರಡು ಲೇತ್ ನನ್ನವೇ. ಅದನ್ನೂ ಬರೆದುಕೊಳ್ಳಮ್ಮ ಎಂದರೆ, ಅದಕ್ಕೆ ಫಾರಮ್ಮಿನಲ್ಲಿ ಜಾಗ ಕೊಟ್ಟಿಲ್ಲ ಸರ್ ಎಂದು ನಕ್ಕಳು.

ಆಮೇಲೆ ಹೆಂಡತಿಯ ಸರದಿ. ಮೂರು ಸಲ ಹೇಳಿದ್ದನ್ನೇ ಹೇಳಿದೆ.

"ಅವಳಿಗೆ ಕೆಲಸ ಬ್ಯಾಡವ್ವ. ಹೆಂಡ್ತೀನ ದುಡಿಯಾಕೆ ಕಳ್ಸೋ ಗತಿ ನನಗಿನ್ನೂ ಬಂದಿಲ್ಲ."

ಹುಡುಗಿ ಮಾತಿಗೆ ಮಾತು ಸೇರಿಸಿದಳು. ಲೋಕಿಕೆರೆ ಕಡೆ ಹಳ್ಳಿಗಳಲ್ಲಿ ಹೊಲಕ್ಕೆ ಹೋಗದ ಹೆಂಗಸು ಸಿಗುವುದೇ ಕಷ್ಟವಂತೆ, ಕೆಲಸ ಹುಡುಕುತ್ತಿದ್ದೇನೆ ಎನ್ನುವವರು ಅಲ್ಲಿ ಕಡಿಮೆ. ಪೇಟೆಯಲ್ಲಿ ಹಾಗಲ್ಲ, ಓದಿದ ಹೆಂಗಸರೇ ಖಾಲಿ ಕೂತಿದ್ದಾರೆ, ಒಂದು ಸಲಕ್ಕಿಂತ ಇನ್ನೊಂದು ಸಲ ಹೆಚ್ಚು ಜನ ಕೆಲಸ ಹುಡುಕುತ್ತಿದ್ದೇವೆ ಅನ್ನುತ್ತಾರೆ ಎಂದಳು. ನಮ್ಮ ಮನೆ ಆ ಪಟ್ಟಿಯಲ್ಲಿಲ್ಲವಲ್ಲ ಎಂದು ನಾನು ಕಾಲ ಮೇಲೆ ಕಾಲು ಹಾಕಿ ಕೂತೆ.

ನನ್ನ ಹೆಂಡತಿ ಲೋಕಿಕೆರೆಯವಳೇ. ಹತ್ತನೇ ಕ್ಲಾಸು ಪಾಸಾದವಳು, ಮದುವೆಗೆ ಮುಂಚೆ ತಾಯಿಯ ಜೊತೆ ಕಳೆ ತೆಗೆಯಲು ಹೋಗುತ್ತಿದ್ದವಳು. ಚಹಾ ತಂದು ಇಟ್ಟು, ನನ್ನ ಕಡೆ ನೋಡದೆ ಹೇಳಿದಳು.

"ನಾನು ಕೆಲಸ ಹುಡುಕ್ತಾ ಎರಡು ವರ್ಷ ಆತು. ಹಂಗಂತ ಬರ್ಕೊ ತಂಗಿ."

ಎಲ್ಲೆಲ್ಲಿ ಹುಡುಕಿದಿರಿ ಎಂದು ಹುಡುಗಿ ಕೇಳಿದಳು. ಇವಳು ಆಕೆಗೇ ಹೇಳುತ್ತಾ ಹೋದಳು, ನಾನು ಪಕ್ಕದ ಮನೆಯವನಂತೆ ಕೇಳಿದೆ. ಮೊದಲು ಹೋದದ್ದು ನನ್ನ ಶೆಡ್ಡಿನ ಹಿಂದಿನ ಪ್ಯಾಕಿಂಗ್ ಘಟಕಕ್ಕಂತೆ. ಗೋಡೆಯ ಈಚೆ ನಾನು ಲೇತ್ ಓಡಿಸುತ್ತಿದ್ದೆ. ಅಲ್ಲಿಯ ಸೂಪರ್‌ವೈಸರ್ ದಿನಾ ನನ್ನ ಜೊತೆ ಚಹಾ ಕುಡಿಯುವವನು. ಹೆಂಡತಿಯನ್ನು ದುಡಿಯಲು ಕಳಿಸುವ ಗತಿ ಬಂದಿಲ್ಲ ಎಂದು ನಿಮ್ಮ ಯಜಮಾನರು ದಿನಾ ಅನ್ನುತ್ತಾರೆ, ನಾನ್ಯಾಕೆ ನಿಷ್ಠುರ ಕಟ್ಟಿಕೊಳ್ಳಲಿ ಎಂದು ಕಳಿಸಿದನಂತೆ. ಕರೂರಿನಲ್ಲಿ ಇನ್ನೆರಡು ಕಡೆಯೂ ಅದೇ ಉತ್ತರ. ಕೊನೆಗೆ ಹರಿಹರದ ಒಂದು ಹೊಲಿಗೆ ಘಟಕದವರು ಕರೆದಿದ್ದಾರೆ, ನಾಳೆ ಸೋಮವಾರ ಹೊಲಿಗೆ ನೋಡುತ್ತಾರೆ, ಹೋಗದಿದ್ದರೆ ಆ ಜಾಗ ಬೇರೆಯವರಿಗೆ.

"ಹರಿಹರಕ್ಕೆ ಯಾಕ ಹೋದೆ?"

"ಅಲ್ಲಿ ನಿಮ್ಮ ಗುರ್ತು ಯಾರಿಗೂ ಇಲ್ಲ, ಅದಕ್ಕೆ."

ಹುಡುಗಿಯ ಬೆರಳು ಟ್ಯಾಬಿನ ಮೇಲೆ ನಿಂತಿತ್ತು. ಯಾವುದು ಬರೀಲಿ ಸರ್ ಎಂದಳು. ಅವಳಂದದ್ದನ್ನೇ ಬರಿ ಎಂದೆ. ಹಿಂದಿನ ಮೂರನ್ನೂ ತಿದ್ದಬಹುದಾ ಎಂದು ಕೇಳಿದೆ. ಅವು ಆಗಲೇ ಮೇಲಿನ ಆಫೀಸಿಗೆ ಹೋಗಿವೆ ಎಂದಳು.

ಸೋಮವಾರ ಬೆಳಿಗ್ಗೆ ಬೈಕ್ ತೆಗೆದು, ಹರಿಹರದ ತನಕ ನಾನೇ ಬಿಡುತ್ತೇನೆ ಎಂದೆ. ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಹೇಳಿದಳು.

"ಬ್ಯಾಡ್ರಿ. ಗೇಟಿನಾಗೆ ಯಾರಾನ ಮಾತಾಡಿಸಿದ್ರೆ ನೀವು ಏನಂತೀರೋ. ಬಸ್ ಸ್ಟ್ಯಾಂಡ್ ತನಕ ಬಿಡ್ರಿ, ಸಾಕು."

ಬಿಟ್ಟೆ. ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತವಳು ಬ್ಯಾಗಿನಿಂದ ಒಂದು ಅಂಗಿ ತೆಗೆದು, ಕಾಲರಿನ ಹೊಲಿಗೆಯನ್ನು ಬೆರಳಿನಿಂದ ನೋಡಿಕೊಳ್ಳತೊಡಗಿದಳು. ಹೊಸ ಅಂಗಿ, ಹರಿಹರದಲ್ಲಿ ತೋರಿಸಲು ಅವಳೇ ಹೊಲಿದದ್ದಿರಬೇಕು. ಎಲ್ಲಿ ಕಲಿತಳೋ, ಎಲ್ಲಿ ಕೂತು ಹೊಲಿದಳೋ. ನಮ್ಮ ಮನೆಯಲ್ಲಿ ಹೊಲಿಗೆ ಯಂತ್ರವೇ ಇಲ್ಲ.