ಕತ್ತರಿ ಮಾಸ್ತರು ಕಾಫಿ ಬಿಟ್ಟ ಕಥೆ

ಕತ್ತರಿ ಮಾಸ್ತರು ದಿನಕ್ಕೆ ಏಳು ಲೋಟ ಕಾಫಿ ಕುಡಿಯುತ್ತಿದ್ದರು. ಹಾಗೆಂದು ಅವರು ನಂಬಿದ್ದರು. ನಾಲ್ಕು ತಿಂಗಳಿಂದ ಆ ಕಾಫಿಯಲ್ಲಿ ಒಂದು ಚಿಟಿಕೆ ಕಾಫಿಪುಡಿಯೂ ಇಲ್ಲ ಎಂಬುದು ಇಡೀ ಲೋಕದಲ್ಲಿ ಒಬ್ಬಳಿಗೇ ಗೊತ್ತಿತ್ತು. ಅದನ್ನು ಕಾಸಿ ಫ್ಲಾಸ್ಕಿಗೆ ತುಂಬಿ ಅವರು ಬಟ್ಟೆ ಕತ್ತರಿಸುವ ಹೊಲಿಗೆ ಅಂಗಡಿಗೆ ಕೊಟ್ಟು ಕಳಿಸುತ್ತಿದ್ದ ಅವರ ಹೆಂಡತಿಗೆ.

ಮೋಸ ಮಾಡಬೇಕೆಂದು ಆಕೆ ಮಾಡಿದ್ದಲ್ಲ. ಮಾಸ್ತರ ಎದೆಯುರಿ ನೋಡಿ ಡಾಕ್ಟರು ಕಾಫಿ ಕಡಿಮೆ ಮಾಡಲು ಹೇಳಿದ್ದರು. ಮಾಸ್ತರು "ಆಗಲಿ ಸಾರ್" ಎಂದು ತಲೆಯಾಡಿಸಿ ಮನೆಗೆ ಬಂದವರೇ, "ಅವರ ಮಾತು ಕೇಳಿ ತಲೆ ಕೆಟ್ಟೋಯ್ತು, ಒಂದು ಲೋಟ ಕಾಫಿ ಕೊಡೇ" ಎಂದಿದ್ದರು. ಇಂಥವರ ಜೊತೆ ವಾದಿಸಿ ಗಂಟಲು ಹರಿದುಕೊಳ್ಳುವವರು ಯಾರು? ಆಕೆ ವಾರವಾರವೂ ಅರ್ಧ ಚಮಚ ಕಾಫಿಪುಡಿ ತೆಗೆದು, ಆ ಜಾಗಕ್ಕೆ ಕಪ್ಪಗೆ ಹುರಿದ ಗೋಧಿಯ ಪುಡಿ ಸೇರಿಸುತ್ತ ಬಂದಳು. ಕೊನೆಗೆ ಗೋಧಿಯೊಂದೇ ಉಳಿಯಿತು. ಎದೆಯುರಿ ಹೋಯಿತು. ಮಾಸ್ತರು ಲೋಟವನ್ನು ಮೂಗಿಗೆ ಹಿಡಿದು, "ನಿನ್ನ ಕೈ ಕಾಫಿ ಇಲ್ದಿದ್ರೆ ನನ್ನ ಕೈ ಏಳೋದೇ ಇಲ್ಲ ಕಣೇ" ಎನ್ನುತ್ತಿದ್ದರು. ತನ್ನ ಪಾಲಿನ ನಿಜವಾದ ಕಾಫಿಯನ್ನು ಆಕೆ ಅವರು ಬೀದಿ ದಾಟಿದ ಮೇಲೆ ಕುಡಿಯುತ್ತಿದ್ದಳು.

ತೊಂದರೆ ಬೇರೆ ಕಡೆಯಿಂದ ಬಂತು. ಮಧ್ಯಾಹ್ನ ಊಟವಾದರೆ ಸಾಕು, ಮಾಸ್ತರಿಗೆ ಕಣ್ಣು ಎಳೆಯುತ್ತಿತ್ತು. ಎಳೆಯದೆ ಏನು? "ಇಷ್ಟು ಕಾಫಿ ಕುಡಿದೋನಿಗೆ ನಿದ್ದೆ ಎಲ್ಲಿಂದ ಬರಬೇಕು" ಎಂದು ದಿನಾ ರಾತ್ರಿ ಹನ್ನೆರಡರ ತನಕ ರೇಡಿಯೋ ಹಚ್ಚಿಕೊಂಡು ಹೆಮ್ಮೆಯಿಂದ ಕೂತಿರುತ್ತಿದ್ದರು.

ಒಂದು ದಿನ ಹೀಗೇ ತೂಕಡಿಕೆಯಲ್ಲಿ ಕೋಟಿನ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ತೋಳಿನ ಅಚ್ಚುಕಾಗದ ಇಟ್ಟು ಸೀಮೆಸುಣ್ಣದ ಗೆರೆ ಎಳೆದರು. ಒಂದು ತೋಳಿಗೆ ಕಾಗದ ನೇರ ಇಟ್ಟರೆ ಇನ್ನೊಂದಕ್ಕೆ ಮಗುಚಿ ಇಡಬೇಕು. ಮೂವತ್ತು ವರ್ಷ ಮಗುಚಿದ ಕೈ ಅವತ್ತು ಮಗುಚಲಿಲ್ಲ. ಹನ್ನೆರಡು ಕೋಟುಗಳಿಗೆ ಇಪ್ಪತ್ತನಾಲ್ಕು ಎಡತೋಳು ತಯಾರಾದವು.

"ಮಾಸ್ತರೇ, ಇವರು ಯಾವ ಲೋಕದ ಗಿರಾಕಿಗಳು? ಎರಡೂ ಕೈ ಒಂದೇ ಕಡೆ ಇರೋರು?" ಎಂದು ಹೊಲಿಗೆ ಯಂತ್ರದ ಹಿಂದಿನಿಂದ ಒಬ್ಬಳು ಕೇಳಿದಳು. ಉಳಿದವರು ಯಂತ್ರ ನಿಲ್ಲಿಸಿ ನಕ್ಕರು.

ಅಂಗಡಿಯ ಯಜಮಾನಿ ನಗಲಿಲ್ಲ. "ಮುಂದಿನ ವಾರ ಬ್ಯಾಂಡಿನೋರ ನಲವತ್ತು ಕೋಟು ಕತ್ತರಿಸೋದಿದೆ. ಅದರಲ್ಲೂ ಹೀಗಾದ್ರೆ ಕತ್ತರಿ ಕೆಳಗಿಟ್ಟು ಗುಂಡಿ ಹಚ್ಚೋಕೆ ಕೂತ್ಕೊಳ್ಳಿ ಮಾಸ್ತರೇ. ಬೇಜಾರು ಮಾಡ್ಕೋಬೇಡಿ."

ಮಾಸ್ತರು ಮನೆಗೆ ಬಂದು ಚಪ್ಪಲಿ ಕೂಡ ಬಿಚ್ಚದೆ ಕುಸಿದು ಕೂತರು. "ಗುಂಡಿ ಹಚ್ಚೋಕೆ ಕೂರಿಸ್ತಾರಂತೆ ಕಣೇ, ನನ್ನ! ಎಲ್ಲಾ ಈ ಹಾಳು ಕಾಫಿಯಿಂದ. ಮೊದಲು ಮೇಲೆತ್ತುತ್ತೆ, ಆಮೇಲೆ ಎತ್ತಿ ಹಾಕುತ್ತೆ. ನಾಳೆಯಿಂದ ಬಿಟ್ಟೆ!"

"ಬಿಡೋಕೆ ಅದರಲ್ಲಿ ಏನಿದೆ?" ಎಂದು ಹೆಂಡತಿಯ ಬಾಯಿ ಜಾರಿತು.

"ಹೇಳೋದು ಸುಲಭ. ಬಿಟ್ಟೋನಿಗೆ ಗೊತ್ತು ಕಷ್ಟ."

ಮರುದಿನ ರಜೆ. ಬೆಳಿಗ್ಗೆ ಹತ್ತಕ್ಕೆಲ್ಲ ಮಾಸ್ತರಿಗೆ ತಲೆ ಸಿಡಿಯತೊಡಗಿತು. ಒದ್ದೆ ಬಟ್ಟೆ ಹಣೆಗೆ ಸುತ್ತಿಕೊಂಡು, ಯುದ್ಧದಲ್ಲಿ ಪೆಟ್ಟು ತಿಂದವರ ಹಾಗೆ ಮಲಗಿದರು. "ಕೈ ನೋಡೇ, ಹೇಗೆ ನಡುಗ್ತಿದೆ!" ಕೈ ನಿಜವಾಗಿಯೂ ನಡುಗುತ್ತಿತ್ತು. ಗೋಧಿಗೂ ಇಷ್ಟು ಶಕ್ತಿ ಉಂಟೆ ಎಂದು ಒಂದು ಗಳಿಗೆ ಆಕೆಗೇ ಅನುಮಾನ ಬಂತು.

ಆದರೆ ಸಿಕ್ಕ ಸಮಯ ಬಿಡುವವಳಲ್ಲ ಆಕೆ. "ಕಾಫಿ ಬಿಟ್ಟೋರು ಒಂಬತ್ತಕ್ಕೇ ಮಲಗಬೇಕಂತೆ ರೀ."

"ಯಾರು ಹೇಳಿದ್ದು?"

"ಡಾಕ್ಟರೇ ಹೇಳಿದ್ರಲ್ಲ, ನೀವು ಕೇಳಿಸ್ಕೊಂಡ್ರೆ ತಾನೇ?"

ಡಾಕ್ಟರು ಹೇಳದ ಇನ್ನೂ ನಾಲ್ಕು ಮಾತನ್ನು ಆಕೆ ಡಾಕ್ಟರ ಹೆಸರಲ್ಲೇ ಹೇಳಿದಳು. ರೇಡಿಯೋ ಬೀರುವಿಗೆ ಹೋಯಿತು. ಫ್ಲಾಸ್ಕಿಗೆ ನೀರು ಬಂತು. ಮಾಸ್ತರು ಬಸ್ಸು ಬಿಟ್ಟು ಎಳೆ ಬಿಸಿಲಲ್ಲಿ ನಡೆದೇ ಅಂಗಡಿಗೆ ಹೋದರು. ಊಟವಾದ ಮೇಲೆ ಕತ್ತರಿಸುವ ಮೇಜಿನ ಕೆಳಗೆ ಚಿಂದಿ ಮೂಟೆಗೆ ತಲೆ ಕೊಟ್ಟು, ಯಜಮಾನಿಗೆ ಹೇಳಿಯೇ, ಇಪ್ಪತ್ತು ನಿಮಿಷ ಮಲಗಿದರು. ಮೂರನೆಯ ದಿನಕ್ಕೆ ತಲೆನೋವು ಇಳಿಯಿತು. ಐದನೆಯ ದಿನ ಬೆಳಿಗ್ಗೆ ಹೆಂಡತಿ ಎಬ್ಬಿಸುವ ಮೊದಲೇ ಎದ್ದು ಕೂತು, "ಏನೇ, ಇನ್ನೂ ಮಲಗಿದೀಯಾ?" ಎಂದರು.

ಬ್ಯಾಂಡಿನವರ ಬಟ್ಟೆ ಕತ್ತರಿಸುವ ದಿನ ಬಂತು. ಅವತ್ತು ಆಕೆಯ ಕಾಫಿ ಲೋಟದಲ್ಲೇ ಆರಿತು. ಗುಂಡಿಯ ಡಬ್ಬಿಯ ಮುಂದೆ ತಲೆ ತಗ್ಗಿಸಿ ಕೂತ ಗಂಡನೇ ಕಣ್ಣೆದುರು ಬರುತ್ತಿದ್ದರು. ಮನೆಯಲ್ಲಿ ಒಂದು ಮೊಳೆ ಹೊಡೆಯಲೂ ಬಾರದ ಮನುಷ್ಯ. ಕತ್ತರಿ ಹಿಡಿದರೆ ಮಾತ್ರ ಯಾರೆದುರೂ ತಲೆ ಬಾಗಿಸಿದವರಲ್ಲ.

ಸಂಜೆ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು ಕೇಳಿತು. ಎರಡೆರಡು ಮೆಟ್ಟಿಲು ಹಾರಿ ಬರುವ ಸದ್ದು.

"ನಲವತ್ತು ಎಡ, ನಲವತ್ತು ಬಲ! ಯಜಮಾನಿ ತಾವೇ ಎರಡು ಸಲ ಎಣಿಸಿದ್ರು. ಖುಷಿಗೆ ಕಾಫಿ ತರಿಸಿದ್ರು, ಮುಟ್ಟಲಿಲ್ಲ ನಾನು. ಹೊಲಿಗೆಯೋರಿಗೆಲ್ಲಾ ಹೇಳಿ ಬಂದೆ, ಗಟ್ಟಿ ಮನಸ್ಸು ಬೇಕು, ನನ್ನ ಹಾಗೆ ಅಂತ. ನೀನೂ ಬಿಡೇ. ನನ್ನಿಂದಾಗಿದ್ದು ನಿನ್ನಿಂದಾಗಲ್ವಾ?"

ನಿಜ ಆಕೆಯ ನಾಲಿಗೆಯ ತುದಿಗೇ ಬಂದಿತ್ತು. ಅಷ್ಟರಲ್ಲಿ ಮಾಸ್ತರು ಚೀಲದಿಂದ ಕತ್ತರಿ ತೆಗೆದು, ಎಣ್ಣೆ ಬಟ್ಟೆಯಲ್ಲಿ ಮಗುವಿನ ಮುಖ ಒರೆಸುವ ಹಾಗೆ ಒರೆಸತೊಡಗಿದರು. ಕೋಟಿಗೆ ಅವರು ಹೊಲಿಗೆಯ ಒಳಗೆ ಎರಡು ಬೆರಳು ಬಟ್ಟೆ ಬಿಡುತ್ತಾರಲ್ಲ, ಮುಂದೆ ಬಿಚ್ಚಬೇಕಾದರೆ ಇರಲಿ ಎಂದು, ಹಾಗೆ ಆಕೆಯೂ ಆ ಮಾತನ್ನು ಒಳಗೆ ಮಡಚಿಟ್ಟಳು.

"ನನಗೆಲ್ಲಿಂದ ಬರಬೇಕು ರೀ ಅಂಥ ಮನಸ್ಸು?" ಎಂದಳು.

ಮಾಸ್ತರು ನೀರು ಕುಡಿಯಲು ಅಡುಗೆಮನೆಗೆ ಹೋದರು. ಅಲ್ಲಿ ಉಳಿದಿದ್ದ ಪುಡಿಯ ಡಬ್ಬಿ ಕಣ್ಣಿಗೆ ಬಿತ್ತು. ಮುಚ್ಚಳ ತೆಗೆದು ಮೂಸಿದವರೇ ಹಾವು ಕಂಡವರಂತೆ ಹಿಂದೆ ಸರಿದರು.

"ಅಯ್ಯಯ್ಯೋ, ಇದನ್ನ ಯಾಕೆ ಕೈಗೆ ಸಿಗೋ ಹಾಗೆ ಇಟ್ಟಿದೀಯೇ? ವಾಸನೆಗೇ ಎದೆ ಹೊಡ್ಕೊಳ್ತಿದೆ! ಮೇಲೆತ್ತಿಡು, ನನಗೆ ಎಟುಕಬಾರದು."

ಆಕೆ ಸ್ಟೂಲು ಎಳೆದು ಹತ್ತಿ, ಹುರಿದ ಗೋಧಿಯನ್ನು ಅಟ್ಟದ ಮೂಲೆಗೆ ತಳ್ಳಿದಳು. ಸ್ಟೂಲು ಅಲುಗದಂತೆ ಮಾಸ್ತರು ಕೆಳಗಿನಿಂದ ಗಟ್ಟಿಯಾಗಿ ಹಿಡಿದುಕೊಂಡಿದ್ದರು.