ಎದುರಿನ ಬುಟ್ಟಿ

ಸವಣೂರಿನಲ್ಲಿ ನಮಗೆ ಟಿಕೆಟ್ ತೆಗೆದುಕೊಡುತ್ತಿದ್ದ ಚಾಚಾ ಮೊದಲು ವೀಳ್ಯದೆಲೆ ಮಾರುತ್ತಿದ್ದವರು. ಕಂಪ್ಯೂಟರಿನ ಮುಂದೆ ಕೂತರೂ ಎಲೆಯ ತೊಟ್ಟು ಮುರಿಯುವಂತೆ ಬೆರಳಾಡಿಸುತ್ತ, "ಎದುರಿಗೆ ಇನ್ನೊಂದು ಬುಟ್ಟಿ ಬಂತಂದ್ರ ರೇಟು ತಾನ ಇಳೀತೈತ್ರಿ" ಎನ್ನುತ್ತಿದ್ದರು.

ಅವ್ವನ ಬೆನ್ನಿನ ಆಪರೇಷನ್ನಿಗೆ ಬೆಂಗಳೂರಿಗೆ ಹೋಗಬೇಕಿತ್ತು. ತಾಸುಗಟ್ಟಲೆ ಕೂರುವಂತಿರಲಿಲ್ಲ; ಹುಬ್ಬಳ್ಳಿಯಿಂದ ವಿಮಾನವೇ ಗತಿ. ದರ ಕೇಳಿ ನಾನು ತೆಗೆದ ರೊಕ್ಕ ಮತ್ತೆ ಜೇಬಿಗಿಟ್ಟೆ.

"ಈಗ ಬ್ಯಾಡ್ರಿ. ಬೆಂಗಳೂರಿಗೆ ಹೊಸಾ ಫಾಸ್ಟ್ ರೈಲು ಬರಾಕತ್ತೈತಿ, ತಡೀರಿ" ಎಂದರು ಚಾಚಾ.

ಡಾಕ್ಟರು ಕೊಟ್ಟ ದಿನ ಹತ್ತಿರವಾಗುತ್ತಿತ್ತು. ಚಾಚಾ ದಿನಾ ದರ ನೋಡುತ್ತಲೇ ಇದ್ದರು. ರೈಲು ಓಡತೊಡಗಿದ ವಾರವೇ ವಿಮಾನದ ದರ ಇಳಿಯಿತು. ಟಿಕೆಟ್ ಹಿಡಿದು ಅವರೇ ಮನೆಗೆ ಬಂದರು.

ವಿಮಾನ ಮೇಲೇರಿದಾಗ ಅವ್ವ ಕಿಟಕಿಯಲ್ಲಿ ಕೆಳಗೆ ಏನೋ ಹುಡುಕುತ್ತಿದ್ದಳು.

"ಆ ರೈಲು ಎಲ್ಲೈತಿ ನೋಡೋ. ಚಾಚಾಗ ಕೈ ಮುಗದು ಬಂದೇನಿ, ಅದಕ್ಕೂ ಮುಗೀಬೇಕು."